ಅಮಾವಾಸ್ಯೆಯ ಕೀಲೆಣ್ಣೆ

ಶಿಗ್ಗಾಂವಿಯ ಮಹಾಲಿಂಗಪ್ಪನ ಮನೆಯ ಕಾರು ಬರುವುದು ಮೊದಲೆಲ್ಲ ಯಾರಿಗೂ ಕೇಳಿಸುತ್ತಿರಲಿಲ್ಲ. ಅದು ಬಂದು ಅಂಗಳದಲ್ಲಿ ನಿಂತು, ಡ್ರೈವರ್ ಭರಮಪ್ಪ ಇಳಿದು ಬಾಗಿಲು ಮುಚ್ಚಿದಾಗಲೇ ಒಳಗಿನವರಿಗೆ ತಿಳಿಯುತ್ತಿತ್ತು. ಆದರೆ ಸಾವಿರದ ಒಂಬೈನೂರ ನಲವತ್ಮೂರರ ಬೇಸಿಗೆಯ ಹೊತ್ತಿಗೆ, ಕಾರಿನ್ನೂ ಬಂಕಾಪುರದ ರಸ್ತೆಯ ತಿರುವಿನಲ್ಲಿರುವಾಗಲೇ ಅದರ ಸದ್ದು ಮನೆ ಮುಟ್ಟತೊಡಗಿತು. ಟಕ ಟಕ ಟಕ ಟಕ. ಎಂಜಿನ್ನಿನೊಳಗೆ ಯಾರೋ ಅಕ್ಕಸಾಲಿ ಕುಳಿತು ಸಿಟ್ಟಿನಿಂದ ಸುತ್ತಿಗೆ ಆಡಿಸುತ್ತಿದ್ದಾನೆ ಅನ್ನಿಸುವ ಸದ್ದು.

ಆ ಸದ್ದು ಎಲ್ಲರಿಗಿಂತ ಹೆಚ್ಚು ಚುಚ್ಚುತ್ತಿದ್ದದ್ದು ಮಹಾಲಿಂಗಪ್ಪನ ತಾಯಿ ಫಕ್ಕೀರವ್ವನಿಗೆ. ಆಕೆಗೆ ಅರವತ್ತಾರು ದಾಟಿತ್ತು, ಮೊಣಕಾಲು ಬಾತಿದ್ದವು. ಹಿರೇಕೆರೂರಿನಲ್ಲಿದ್ದ ಮಗಳನ್ನು ವರ್ಷಕ್ಕೆರಡು ಸಲ ನೋಡಿ ಬರಲು ಸಾಧ್ಯವಾಗಿದ್ದು ಈ ಕಾರು ಬಂದ ಮೇಲೆ. ಯುದ್ಧಕ್ಕೆ ಅಂಜಿ ಮುಂಬಯಿ ಬಿಟ್ಟು ಹೊರಟ ವರ್ತಕರೊಬ್ಬರಿಂದ ಮಹಾಲಿಂಗಪ್ಪ ಅದನ್ನು ಕೊಂಡಿದ್ದ. ಅಮೆರಿಕದ ದೊಡ್ಡ ಕಾರು. ಜೊತೆಗೆ ಭರಮಪ್ಪ ಬಂದ. ಊರ ಹೊರಗಿನ ಕೇರಿಯವನು, ಮಿಲಿಟರಿ ಲಾರಿ ನಡೆಸಿ ಕಲಿತವನು, ಮಾತು ಕಡಿಮೆ. ಫಕ್ಕೀರವ್ವ ಕಾರು ಹತ್ತುವಾಗ ಆಕೆ ಕೇಳದೆಯೇ ಒಂದು ಮಣೆ ತಂದು ಕಾಲ ಕೆಳಗೆ ಇಡುತ್ತಿದ್ದ. ರಸ್ತೆಯಲ್ಲಿ ಎದುರಿಗೆ ನಡೆದು ಬರುವವರು ಕಂಡರೆ, ಅವರ ಮೇಲೆ ಧೂಳು ಹಾರಬಾರದೆಂದು ಕಾರನ್ನು ಹೆಜ್ಜೆಯ ವೇಗಕ್ಕೆ ಇಳಿಸುತ್ತಿದ್ದ. ಇಂಥದ್ದನ್ನು ಮಗ ನೋಡುತ್ತಿರಲಿಲ್ಲ. ಆಕೆ ನೋಡುತ್ತಿದ್ದಳು.

ಆ ಮನೆಯಲ್ಲಿ ಅಮಾವಾಸ್ಯೆಗೆ ಎತ್ತು ಹೂಡುತ್ತಿರಲಿಲ್ಲ. ಅವತ್ತು ಚಕ್ಕಡಿಗಳ ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಕೊಡಬೇಕು. ಹೊಲದಲ್ಲೇ ಬೆಳೆದ ಔಡಲ, ಅಂದರೆ ಹರಳು ಬೀಜವನ್ನು ಮನೆಯಲ್ಲೇ ಕುದಿಸಿ ತೆಗೆದ ಎಣ್ಣೆ. ಅದಕ್ಕೆ ಮಸಿ ಕಲಸಿ ಮನೆಯ ಹಿರಿಯ ಹೆಂಗಸು ತನ್ನ ಕೈಯಾರೆ ಮೊದಲ ಅಚ್ಚಿಗೆ ಹಚ್ಚಬೇಕು. ಅದಾಗದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಅತ್ತೆಯಿಂದ ಫಕ್ಕೀರವ್ವನಿಗೆ ಬಂದ ಪದ್ಧತಿ ಇದು. ಕಾರು ಬಂದ ಮೊದಲ ಅಮಾವಾಸ್ಯೆಗೆ ಆಕೆ ಗಿಂಡಿ ಹಿಡಿದು ಅದರ ನಾಲ್ಕೂ ಗಾಲಿ ಸುತ್ತಿ ಬಂದಳು. ಎಣ್ಣೆ ಹಚ್ಚುವ ಜಾಗವೇ ಕಾಣಲಿಲ್ಲ.

“ಇದಕ್ಕ ಎಣ್ಣಿ ಎಲ್ಲಿ ಕುಡಸ್ತೀಯೋ ಭರಮಾ?”

ಭರಮಪ್ಪ ನಕ್ಕು, ಬಾನೆಟ್ಟಿನ ಬಲಗಡೆಯ ರೆಕ್ಕೆ ಎತ್ತಿ, ಉದ್ದನೆಯ ಪೆಟ್ಟಿಗೆಯಂಥದರ ಮೇಲಿನ ಮುಚ್ಚಳ ತೋರಿಸಿದ. “ಇಲ್ಲೇ ನೋಡ್ರಿ ಅವ್ವಾರ. ಹಿಂಗ ಒತ್ತೂದು, ಒತ್ತಿಕೊಂಡ ಎಡಕ್ಕ ತಿರುವೂದು. ಬರೇ ತಿರುವಿದ್ರ ದೇವರು ಬಂದ್ರೂ ಬರೂದುಲ್ಲ.”

ಸುಮ್ಮನೆ ಕೇಳಿದ್ದಾಳೆ ಎಂದು ಅವನು ತಿಳಿದ. ಆಕೆ ಸುಮ್ಮನೆ ಕೇಳಿರಲಿಲ್ಲ. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ, ಜಳಕ ಮಾಡಿ, ಇನ್ನೂ ಭರಮಪ್ಪ ಬಂದಿರದ ಹೊತ್ತಿನಲ್ಲಿ ಕಾರಿನ ಕೊಟ್ಟಿಗೆಗೆ ಹೋಗಿ ಒಂದು ಗಿಂಡಿ ಔಡಲೆಣ್ಣೆ ಹಾಕಿ ಬಂದಳು. ಚಕ್ಕಡಿಗೆ ಕೊಡುವ ಮಸಿ ಕಲಸಿದ್ದಲ್ಲ. ಕಾರು ದೂರದೇಶದಿಂದ ಬಂದದ್ದು ಎಂದು ಬಿಳಿ ಅರಿವೆಯಲ್ಲಿ ಎರಡು ಸಲ ಸೋಸಿದ ತಿಳಿ ಎಣ್ಣೆ. ಮಗನಿಗೆ ಹೇಳಲಿಲ್ಲ, ನಗುತ್ತಾನೆ ಎಂದು. ಐದನೆಯ ಅಮಾವಾಸ್ಯೆಗೆ ಮುಚ್ಚಳದ ಪಕ್ಕ ನಾಲ್ಕು ಮಡಿಕೆ ಮಾಡಿದ ಶುಭ್ರವಾದ ಅರಿವೆ ಇತ್ತು. ಭರಮಪ್ಪನ ಕೆಲಸ ಎಷ್ಟು ಸ್ವಚ್ಛ ಎಂದುಕೊಂಡು ಕೈ ಒರೆಸಿಕೊಂಡಳು. ಆಮೇಲೆ ಪ್ರತಿ ಅಮಾವಾಸ್ಯೆಗೂ ಅರಿವೆ ಅಲ್ಲೇ ಇರುತ್ತಿತ್ತು, ಒಗೆದು ಮಡಿಸಿದ್ದು.

ಸದ್ದು ಶುರುವಾದಾಗ, ಪಾಪ ಅದಕ್ಕೆ ಎಣ್ಣೆ ಸಾಲುತ್ತಿಲ್ಲ ಅನ್ನಿಸಿತು ಆಕೆಗೆ. ಒಂದರ ಬದಲು ಎರಡು ಗಿಂಡಿ ಹಾಕಿದಳು.

ಕೊನೆಗೆ ಬಂಕಾಪುರದಿಂದ ಮಿಸ್ತ್ರಿ ಉಡಚಪ್ಪನನ್ನು ಕರೆಸಿದರು. ಮುಂಬಯಿಯ ದೊಡ್ಡ ಗ್ಯಾರೇಜಿನಲ್ಲಿ ಎಂಟು ವರ್ಷ ಇದ್ದು ಬಂದು, ಈಗ ಹಾನಗಲ್ಲ, ತಿಳವಳ್ಳಿ ಕಡೆಯ ಬಸ್ಸುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು. ಬೆಳಗಿನ ಎಂಟಕ್ಕೆ ಸೈಕಲ್ಲಿನ ಮೇಲೆ ಬಂದು, ಬಾಯಲ್ಲಿ ಸವಣೂರ ವೀಳ್ಯದೆಲೆ ತುಂಬಿಕೊಂಡೇ ಬಾನೆಟ್ಟಿನೊಳಗೆ ಬಗ್ಗಿದ. ಅವನು ಬರುವ ಮೊದಲೇ ಮಹಾಲಿಂಗಪ್ಪ ಆ ಎಣ್ಣೆಯ ಮುಚ್ಚಳ ತೆಗೆದು ನೋಡಲು ಎರಡೂ ಕೈಯಿಂದ ತಿರುವಿ ಸೋತಿದ್ದ. ಚಿಕ್ಕಪ್ಪನ ಮಗ ಕರಬಸಪ್ಪ ತಾನು ತೆಗೆಯುತ್ತೇನೆಂದು ಹೋಗಿ ಬೆರಳು ತರಚಿಕೊಂಡಿದ್ದ.

“ಇರ್ಲಿ ಬಿಡ್ರಿ, ಅದು ಆಮ್ಯಾಲ,” ಎಂದು ಉಡಚಪ್ಪ ಎಂಜಿನ್ ಚಾಲೂ ಮಾಡಿಸಿದ. ಮೊಳದುದ್ದದ ಹುಣಸೆ ಕಟ್ಟಿಗೆಯೊಂದನ್ನು ಚೀಲದಿಂದ ತೆಗೆದು, ಒಂದು ತುದಿ ಎಂಜಿನ್ನಿನ ಮೇಲೆ, ಇನ್ನೊಂದು ತುದಿ ಕಿವಿಗೆ ಇಟ್ಟು, ಬೆರಳಗಲ ಬೆರಳಗಲ ಸರಿಸುತ್ತ ಕೇಳಿದ. ಫಕ್ಕೀರವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಅವನನ್ನೇ ನೋಡುತ್ತಿದ್ದಳು. ರೋಗಿಯ ನಾಡಿ ಹಿಡಿದ ವೈದ್ಯನ ಮುಖ ನೋಡಿದ ಹಾಗೆ.

“ಟ್ಯಾಪೆಟ್ ಬಿಗಿ ಮಾಡಿದ್ರ ಹೋಗತೈತೇನು?” ಮಹಾಲಿಂಗಪ್ಪ ಕೇಳಿದ. “ಹಾನಗಲ್ಲ ಬಸ್ಸಿಗೆ ನೀ ಬ್ಲೇಡ್ ಇಟ್ಟು ಮಾಡೂದು ನೋಡೇನಿ.”

“ಅದು ಬ್ಯಾರೇ ಎಂಜಿನ್ರಿ ಸಾವ್ಕಾರ್ರ. ಅದರಾಗ ವಾಲ್ವಿಗೂ, ವಾಲ್ವ್ ಒತ್ತೋ ರಾಕರಿಗೂ ನಡುವ ಕೂದಲೆಳಿಯಷ್ಟು ಸಂದು ಬಿಡಬೇಕು. ಸಂದು ಇಲ್ಲಂದ್ರ ವಾಲ್ವ್ ಸುಡತೈತಿ, ಹೆಚ್ಚಾದ್ರ ಟಕಟಕ ಬಡಿತೈತಿ. ಅದಕ್ಕ ಗಡ್ಡಾ ಮಾಡೋ ಬ್ಲೇಡ್ ಮೂರು ಕೂಡಿಸಿ ಸಂದಿನ್ಯಾಗ ಇಟ್ಟು ಸ್ಕ್ರೂ ತಿರುವೂದು. ಇದರಾಗ ಸಂದ ಇಲ್ಲ. ಒಂದೊಂದು ರಾಕರಿಗೆ ಒಂದೊಂದು ಸಣ್ಣ ಬಟ್ಲದಾಗ ಎಣ್ಣಿ ತುಂಬಿರತೈತಿ. ಆ ಎಣ್ಣಿನ ಉಬ್ಬಿ ಸಂದು ಮುಚ್ಚತೈತಿ. ಅದಕ್ಕ ಸಪ್ಪಳ ಇರೂದುಲ್ಲ.”

“ಅಂದ್ರ ಎಣ್ಣಿ ಕುಡದು ಸುಮ್ನ ಕುಂದ್ರತೈತಿ,” ಎಂದ ಕರಬಸಪ್ಪ. “ನಮ್ಮ ಊರಾಗೂ ಅಂಥಾ ಮಂದಿ ಅದಾರ ಬಿಡು.”

ಎಲ್ಲರೂ ನಕ್ಕರು. ಭರಮಪ್ಪ ನಗಲಿಲ್ಲ. ಅವನು ಕೊಟ್ಟಿಗೆಯ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

ಎಂಜಿನ್ ಬಿಸಿಯಾಗುವವರೆಗೂ ಉಡಚಪ್ಪ ಕಾದ. “ತಣ್ಣಗಿದ್ದಾಗ ಬಡದು ಕಾದ ಮ್ಯಾಲ ನಿಂತ್ರ ಚಿಂತಿಲ್ಲ. ಇದು ಕಾದ ಮ್ಯಾಲೂ ಬಡಿಯಾಕತ್ತೈತಿ.” ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿ ಹುಬ್ಬು ಏರಿಸಿದ. “ಎಣ್ಣಿ ಕಡಿಮಿ ಇಲ್ಲ. ಗೆರಿ ದಾಟೇತಿ.” ಎಂಜಿನ್ ನಿಲ್ಲಿಸಿ ಎಡಗಡೆಯ ಮೇಲ್ಮುಚ್ಚಳ ಬಿಚ್ಚಿದ. ಸಾಲಾಗಿ ಕುಳಿತ ಕಬ್ಬಿಣದ ಸಣ್ಣ ತೊಲೆಗಳು ಕಂಡವು. ಅವೇ ರಾಕರುಗಳು. ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತುತ್ತ ಹೋದ. ಕೆಲವು ಗಟ್ಟಿ ಇದ್ದವು, ಕೆಲವು ಸಡಿಲು ಹಲ್ಲಿನಂತೆ ಅಲ್ಲಾಡಿದವು. ಅಲ್ಲಾಡಿದ ಒಂದರ ಕೆಳಗಿನ ಬಟ್ಟಲನ್ನು ಹೊರ ತೆಗೆದ. ಅದರೊಳಗಿನ ಗುಂಡಿ ಸಲೀಸಾಗಿ ಮೇಲೆ ಕೆಳಗೆ ಆಡಬೇಕಿತ್ತು. ಅದು ಕಚ್ಚಿಕೊಂಡು ಕುಳಿತಿತ್ತು, ಸುತ್ತಲೂ ಬೆಲ್ಲದ ಪಾಕ ಹತ್ತಿದಂತೆ ಕಂದು ಬಣ್ಣದ ಅಂಟು.

ಉಡಚಪ್ಪ ಆ ಅಂಟನ್ನು ಬೆರಳಿನಿಂದ ತೀಡಿ ಮೂಸಿದ. ಮತ್ತೆ ಮೂಸಿದ. ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು ಮೂರನೆಯ ಸಲ ಮೂಸಿದ.

“ಸಾವ್ಕಾರ್ರ, ಈ ಎಂಜಿನ್ನಿಗೆ ಯಾರೋ ಔಡಲೆಣ್ಣಿ ಹಾಕ್ಯಾರ. ಒಂದ ಸಲ ಅಲ್ಲ, ಭಾಳ ಸಲ. ಔಡಲೆಣ್ಣಿ ಡಬ್ಬಿಯಾಗ ಬರೋ ಎಂಜಿನ್ ಎಣ್ಣಿಗೆ ಕೂಡೂದುಲ್ಲ. ಕಾದು ಕಾದು ಅಂಟಾಗಿ ಎಲ್ಲಾ ಹಿಡದು ಕುಂತೈತಿ. ಇನ್ನ ಒಂದು ತಿಂಗಳ ಹಿಂಗ ನಡಸಿದ್ರ ಎಂಜಿನ್ ಹೋಗಿಬಿಡ್ತಿತ್ತು.”

ಫಕ್ಕೀರವ್ವನ ಕೈಯಲ್ಲಿದ್ದ ಮೊರ ಗಾಳಿಯಲ್ಲೇ ನಿಂತಿತು. ಬಿಳಿ ಅರಿವೆಯಲ್ಲಿ ಎರಡು ಸಲ ಸೋಸಿ, ಹನಿ ಚೆಲ್ಲದಂತೆ, ಮಗುವಿಗೆ ಗುಟುಕು ಹಾಕಿದಂತೆ ಹಾಕಿದ ಎಣ್ಣೆ. ಅದೇ. ಹದಿನಾಲ್ಕು ಅಮಾವಾಸ್ಯೆ. ಮಾತಾಡಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಕರಬಸಪ್ಪ ತೀರ್ಪು ಕೊಟ್ಟುಬಿಟ್ಟಿದ್ದ. “ಇದರಾಗ ತಿಳಿಯೂದೇನೈತಿ? ಡಬ್ಬಿ ಎಣ್ಣಿ ಪರವಾನಗಿ ಇಲ್ಲದ ಸಿಗೂದುಲ್ಲ. ಹೊರಗ ಹತ್ತು ಪಟ್ಟು ರೇಟ್ ಐತಿ. ಅದನ್ನ ಮಾರಿಕೊಂಡು, ಅಳತಿ ಕಡಿಮಿ ಆಗಬಾರದಂತ ಔಡಲೆಣ್ಣಿ ಸುರುವ್ಯಾನ. ಕಾರಿನ ಕೀಲಿ ಯಾರ ಕೈಯಾಗ ಇರತೈತಿ?”

“ಇಲ್ರಿ, ಡಬ್ಬಿ ಎರಡೂ ಅಟ್ಟದ ಮ್ಯಾಲ...” ಎಂದ ಭರಮಪ್ಪ.

ಮಹಾಲಿಂಗಪ್ಪನ ಕೈ ಅವನ ಕೆನ್ನೆಗೆ ಬಿತ್ತು.

ಆ ಮನೆಗೆ ಸೊಸೆಯಾಗಿ ಬಂದು ಐವತ್ತೊಂದು ವರ್ಷವಾಗಿತ್ತು ಫಕ್ಕೀರವ್ವನಿಗೆ. ಆ ಅಂಗಳದಲ್ಲಿ ದುಡಿಯುವವನ ಮೇಲೆ ಯಾರೂ ಕೈ ಎತ್ತಿದ್ದನ್ನು ಆಕೆ ಕಂಡಿರಲಿಲ್ಲ. ಆ ಸದ್ದು ಗೋಡೆಗೆ ತಾಗಿ ತಿರುಗಿ ಬಂದಂತೆ ಕೇಳಿಸಿತು. ಬಾಗಿಲಲ್ಲಿದ್ದ ಸೊಸೆ ಸರೋಜವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಭರಮಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕೈಗಳನ್ನು ಕೆಳಗೆ ಬಿಟ್ಟುಕೊಂಡೇ ನಿಂತ.

“ಕರಬಸೂ, ಫೌಜದಾರರಿಗೆ ಸುದ್ದಿ ಮುಟ್ಟಿಸು,” ಎಂದ ಮಹಾಲಿಂಗಪ್ಪ. “ಯುದ್ಧದ ಕಾಲದಾಗ ಎಣ್ಣಿ ಮಾರಿದವಗ ಏನ್ ಮಾಡ್ತಾರ ಅವರ ತಿಳಕೋತಾರ.”

ಮೊರ ಜಾರಿತು. ಜೋಳ ಕಟ್ಟೆಯಿಂದ ಅಂಗಳದ ತನಕ ಚೆಲ್ಲಿತು.

“ನಾ ಹಾಕೇನಿ,” ಎಂದಳು ಫಕ್ಕೀರವ್ವ.

ಎಲ್ಲರೂ ತಿರುಗಿದರು.

“ಔಡಲೆಣ್ಣಿ ನಾ ಹಾಕೇನಿ. ಅಮಾಸಿಗೊಮ್ಮೆ. ಅವಂದೇನೂ ಇಲ್ಲ.”

ಮಹಾಲಿಂಗಪ್ಪನ ಮುಖದ ಗಂಟು ಸಡಿಲಾಯಿತು. ಆದರೆ ಅದು ನಂಬಿಕೆಯಲ್ಲ, ಬೇಸರ. ಕರಬಸಪ್ಪ ನಕ್ಕೇಬಿಟ್ಟ. “ದೊಡ್ಡವ್ವಾ, ಉಪ್ಪಿನಕಾಯಿ ಭರಣಿ ಒಡದಾಕಿ ಕೆಲಸದ ಉಡಚವ್ವ, ನನ್ನ ಕೈಯಿಂದ ಬಿತ್ತು ಅಂದಾಕಿ ನೀನು. ದನ ಕಾಯೋ ಗೋಣೆಪ್ಪ ಎತ್ತು ಬಿಟ್ಟು ಮಂದಿ ಜೋಳ ಮೇಸಿದಾಗ, ನಾನ ಬಿಡು ಅಂದಿದ್ದೆ ಅಂದಾಕಿ ನೀನು. ಈಗ ಎಂಜಿನ್ನಿಗೆ ಎಣ್ಣಿ ಹಾಕಿದಾಕಿನೂ ನೀನ! ನಾಳೆ ಊರಾಗ ಕಳುವಾದ್ರೂ ನಿನ್ನ ಹೆಸರ ಬರೀಬೇಕ ನಾವು.”

“ಯವ್ವಾ, ನಿನ್ನ ಕರುಳು ನಮಗ ಗೊತ್ತೈತಿ,” ಎಂದ ಮಗ. “ಒಳಗ ನಡಿ.”

ಫಕ್ಕೀರವ್ವ ಇದ್ದಲ್ಲೇ ನಿಂತಳು. ಅವರು ಹೇಳಿದ್ದು ನಿಜ. ಭರಣಿಯ ಮಾತೂ ಸುಳ್ಳು, ಎತ್ತಿನ ಮಾತೂ ಸುಳ್ಳು. ಬೈಗುಳ ತಿನ್ನುವವರ ಮುಖ ನೋಡಲಾರದೆ ಎಷ್ಟೋ ಸಲ ಹೀಗೆ ಅಡ್ಡ ಬಂದಿದ್ದಳು. ಅದರಿಂದ ಯಾರಿಗೂ ಕೇಡಾಗಿರಲಿಲ್ಲ. ಈಗ ಮೊದಲ ಸಲ ತನ್ನದೇ ತಪ್ಪನ್ನು ತನ್ನದು ಎನ್ನುತ್ತಿದ್ದಳು, ಆದರೆ ಒಬ್ಬರೂ ನಂಬುತ್ತಿರಲಿಲ್ಲ. ಅಷ್ಟು ವರ್ಷ ಒಳ್ಳೆಯದೆಂದು ಆಡಿದ ಸುಳ್ಳುಗಳೆಲ್ಲ ಒಟ್ಟಾಗಿ ಬಂದು ಈ ಒಂದು ನಿಜದ ಕುತ್ತಿಗೆ ಹಿಡಿದಿದ್ದವು.

ಕರಬಸಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

ಆಕೆ ಕಟ್ಟೆ ಇಳಿದಳು. ಮಣೆ ಇರಲಿಲ್ಲ, ಮೊಣಕಾಲು ಚುರ್ ಎಂದಿತು. ಚೆಲ್ಲಿದ ಜೋಳ ತುಳಿಯುತ್ತಲೇ ಕಾರಿನ ಬಲಗಡೆಗೆ ಹೋಗಿ, ಯಾರನ್ನೂ ನೋಡದೆ ಬಾನೆಟ್ಟಿನ ರೆಕ್ಕೆ ಎತ್ತಿ ಕಡ್ಡಿಗೆ ಆನಿಸಿದಳು. ಬರಿಗೈ ಒಳಗೆ ಚಾಚಿದಳು. ಇಬ್ಬರು ಗಂಡಸರು ಬೆಳಿಗ್ಗೆ ತಿರುವಿ ತಿರುವಿ ಸೋತಿದ್ದ ಮುಚ್ಚಳವನ್ನು ಅಂಗೈಯಿಂದ ಒತ್ತಿ, ಒತ್ತಿಕೊಂಡೇ ಎಡಕ್ಕೆ ತಿರುವಿದಳು. ಟಪ್ ಎಂದು ಕೈಗೆ ಬಂತು. ಅದನ್ನು ಬೋರಲು ಇಡದೆ ಅಂಗಾತ ಇಟ್ಟಳು. ನಂತರ ಅಭ್ಯಾಸದ ಬಲದಿಂದ ಕೈ ತಾನೇ ಪಕ್ಕಕ್ಕೆ ಹೋಗಿ, ನಾಲ್ಕು ಮಡಿಕೆಯ ಅರಿವೆ ತೆಗೆದುಕೊಂಡು ಬೆರಳು ಒರೆಸಿ, ಮೊದಲಿನಂತೆಯೇ ಮಡಿಸಿ ಇಟ್ಟಿತು.

ಉಡಚಪ್ಪನ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಕಲ್ಲಿನ ಮೇಲೆ ಬಿತ್ತು. ಮಹಾಲಿಂಗಪ್ಪ ಮುಚ್ಚಳವನ್ನು ನೋಡಿದ, ತಾಯಿಯ ಕೈ ನೋಡಿದ, ಆಮೇಲೆ ತನ್ನ ಬಲಗೈಯನ್ನು ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

ಭರಮಪ್ಪ ಏಣಿ ಹಾಕಿ ಅಟ್ಟ ಹತ್ತಿದ. ಎರಡು ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಸಾವ್ಕಾರನ ಕಾಲ ಬಳಿ ಇಟ್ಟ. ಮೇಲೆ ಬೆರಳು ದಪ್ಪ ಧೂಳು, ಜೇಡನ ಬಲೆ. ಮೊಹರು ಒಡೆದಿರಲಿಲ್ಲ. ಗಿಂಡಿಯ ಎಣ್ಣೆ ಅಳತೆಯನ್ನು ತುಂಬುತ್ತಲೇ ಬಂದಿದ್ದರಿಂದ ಅವನ್ನು ತೆಗೆಯುವ ಪ್ರಸಂಗವೇ ಬಂದಿರಲಿಲ್ಲ. ಹತ್ತು ಮೆಟ್ಟಿಲಿನ ಮೇಲೆ ಇದ್ದವು. ಯಾರೂ ಹತ್ತಿ ನೋಡಿರಲಿಲ್ಲ.

“ಆತು ಬಿಡೋ,” ಎಂದ ಮಹಾಲಿಂಗಪ್ಪ, ನಗಲು ನೋಡುತ್ತ. “ತಿಳೀದ ಆತು. ಹೋಗು, ಮಿಸ್ತ್ರಿಗೆ ಕೈ ಹಚ್ಚು.”

ಫಕ್ಕೀರವ್ವನ ಕಣ್ಣು ಅರಿವೆಯ ಮೇಲಿತ್ತು. ಈಗ ಹೊಳೆಯಿತು ಆಕೆಗೆ. ಡ್ರೈವರನಿಗೆ ಕೈ ಒರೆಸಲು ಹರಕು ಗೋಣಿ ಸಾಕು. ಒಗೆದು ಮಡಿಸಿದ ಅರಿವೆ ಯಾರಿಗಾಗಿ?

“ಭರಮಾ, ನಿನಗ ಗೊತ್ತಿತ್ತು.”

“ಹೌದ್ರಿ. ಹೊಗಿ ವಾಸನಿ ಬ್ಯಾರೆ ಬರತಿತ್ತು. ಒಂದು ಅಮಾಸಿ ಲಗೂ ಬಂದೆ, ನೀವು ಹಾಕೂದು ನೋಡಿದೆ.”

“ಮತ್ತ ಯಾಕ ಹೇಳ್ಲಿಲ್ಲೋ? ನನಗರ ಹೇಳಬೇಕಿಲ್ಲೋ?”

“ಮೊದಲ ನಾನೂ ಒಳ್ಳೇದ ಅಂತ ತಿಳದೆ. ಚಕ್ಕಡಿಗೆ ಒಳ್ಳೇದ ಆಗತೈತಲ್ರಿ ಅದು. ನೀವು ಅಷ್ಟು ಮನಸಿಟ್ಟು ಹಾಕ್ತಿದ್ರಿ.” “ಸಪ್ಪಳ ಶುರು ಆದ ಮ್ಯಾಲ ಅಂಜಿಕಿ ಬಂತ್ರಿ.”

“ಇವತ್ತ ಹೊಡಿಸಿಕೊಂಡ ಮ್ಯಾಲಾದ್ರೂ ನನ್ನ ಹೆಸರ ಹೇಳಬೇಕಿಲ್ಲೋ?”

ಭರಮಪ್ಪ ಮೊದಲ ಸಲ ತಲೆ ಎತ್ತಿ ಆಕೆಯ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ತಾಳುವುದು ಕಷ್ಟವಾಯಿತು.

“ನೀವ ಹೇಳಿದ್ರೂ ನಂಬಲಿಲ್ಲಲ್ರಿ ಅವ್ವಾರ. ನಾ ಹೇಳಿದ್ರ?”

ಕಾರಿನ ಕೀಲಿಯನ್ನು ಅಂಗಿಯ ಜೇಬಿನಿಂದ ತೆಗೆದು ಗಾಲಿಯ ಮೇಲಿನ ಮಡ್‌ಗಾರ್ಡಿನ ಮೇಲೆ ಸಪ್ಪಳವಾಗದಂತೆ ಇಟ್ಟ. ಬಾನಿಯಲ್ಲಿ ಕೈ ತೊಳೆದುಕೊಂಡು ಬಾಗಿಲು ದಾಟಿ ಹೋದ. ಹೋಗುವಾಗ, ದಾರಿಯಲ್ಲಿ ಚೆಲ್ಲಿದ್ದ ಜೋಳವನ್ನು ತುಳಿಯದೆ ಸುತ್ತುಹಾಕಿ ಹೋದ.

ಉಡಚಪ್ಪ ಮಧ್ಯಾಹ್ನವೆಲ್ಲ ಕೆಲಸ ಮಾಡಿದ. ಎರಡೂ ಬದಿಯ ಬಟ್ಟಲುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಅಂಟು ಬಿಡಿಸಿ, ಒಂದರದ್ದು ಇನ್ನೊಂದಕ್ಕೆ ಹೋಗದಂತೆ ಗೋಣಿಯ ಮೇಲೆ ಸಾಲಾಗಿ ಇಟ್ಟ. ಹಳೆಯ ಎಣ್ಣೆ ಬಸಿದು, ಡಬ್ಬಿಯ ಮೊಹರು ಒಡೆದು ಹೊಸದು ತುಂಬಿದ. ಅಷ್ಟು ಹೊತ್ತೂ ಫಕ್ಕೀರವ್ವ ಕಟ್ಟೆಯ ಮೇಲೆಯೇ ಕುಳಿತಿದ್ದಳು. ಸರೋಜವ್ವ ಮಜ್ಜಿಗೆ ತಂದು ಅತ್ತೆಯ ಪಕ್ಕ ಇಟ್ಟು, ಜೋಳ ಬಳಿದುಕೊಂಡು ಹೋದಳು. ಭರಮಪ್ಪನ ಆ ಒಂದು ಮಾತು ಫಕ್ಕೀರವ್ವನ ತಲೆಯಲ್ಲಿ ಕಾರಿನ ಹಳೆಯ ಸದ್ದಿನಂತೆ ಬಡಿಯುತ್ತಲೇ ಇತ್ತು. ನಾ ಹೇಳಿದ್ರ? ನಾ ಹೇಳಿದ್ರ? ಮಣೆ, ಅರಿವೆ, ಇಳಿಸಿದ ವೇಗ, ಎಲ್ಲ ಪ್ರೀತಿ ಎಂದು ಎಣಿಸಿದ್ದಳು. ಪ್ರೀತಿ ಇತ್ತೇನೋ. ಅದರ ಬುಡದಲ್ಲಿ ಅಂಜಿಕೆಯೂ ಇತ್ತು. ತನ್ನ ಮನೆಗೆ ಒಬ್ಬ ಮನುಷ್ಯ ಒಂದು ವರ್ಷಕ್ಕೂ ಹೆಚ್ಚು ಕಾಲ ಅಂಜುತ್ತಲೇ ಬಂದು ಹೋಗಿದ್ದ. ಎಲ್ಲವನ್ನೂ ನೋಡುವ ತನ್ನ ಕಣ್ಣಿಗೆ ಅದೊಂದು ಬಿದ್ದಿರಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ಉಡಚಪ್ಪ ಎಂಜಿನ್ ಚಾಲೂ ಮಾಡಿದ. ಮೊದಲು ಸ್ವಲ್ಪ ಹೊತ್ತು ಬಡಿಯಿತು. “ಬಟ್ಲ ತುಂಬಾಕತ್ತಾವ,” ಎಂದ. ಆಮೇಲೆ ಒಂದೊಂದೇ ಸುಮ್ಮನಾಗುತ್ತ ಹೋದವು. ಅಂಗಳ ನಿಶ್ಶಬ್ದವಾಯಿತು.

“ಬಂದ್ ಬಿತ್ತೇನು?” ಫಕ್ಕೀರವ್ವ ಗಾಬರಿಯಿಂದ ಕೇಳಿದಳು.

“ಇಲ್ರಿ ಅವ್ವಾರ, ನಡದೈತಿ. ಹಿಂಗ ಇರಬೇಕು ಅದು.”

ಆಕೆ ಎದ್ದು ಹೋಗಿ ಮಡ್‌ಗಾರ್ಡಿನ ಮೇಲಿದ್ದ ಕೀಲಿಯನ್ನು ನೋಡಿದಳು. ಉಡಚಪ್ಪ ತಂತಿ ಜೋಡಿಸಿ ಎಂಜಿನ್ ಹಚ್ಚಿದ್ದ. ಆ ಕೀಲಿ ಮುಟ್ಟಲು ಅವನಿಗೂ ಮನಸ್ಸಾಗಿರಲಿಲ್ಲ. ಅದನ್ನು ತಂದು ಪಡಸಾಲೆಯಲ್ಲಿ ಕುಳಿತಿದ್ದ ಮಗನ ಅಂಗೈಯಲ್ಲಿ ಇಟ್ಟಳು.

“ನೀನ ಒಯ್ದು ಕೊಡು.”

“ಆಳು ಕಳಸ್ತೇನಿ ಯವ್ವಾ. ನಾನು ಆ ಕೇರಿಗೆ...”

“ಹೊಡದದ್ದು ಆಳಿನ ಕೈ ಅಲ್ಲ.”

ಮಹಾಲಿಂಗಪ್ಪ ಕೀಲಿಯನ್ನು ನೋಡಿದ. ಆಮೇಲೆ ಎದ್ದ. ರುಮಾಲು ಮರೆತು ಬರಿದಲೆಯಲ್ಲೇ ಬಾಗಿಲು ದಾಟಿದ. ಎದುರು ಮನೆಯ ಹೆಂಗಸು ಬೀಸುವುದನ್ನು ಬಿಟ್ಟು ಹೊರಬಂದು ನಿಂತಳು. ಬಾವಿಕಟ್ಟೆಯಲ್ಲಿದ್ದವರು ಹಗ್ಗ ಹಿಡಿದಂತೆಯೇ ನಿಂತರು. ಆ ಮನೆಯ ಯಜಮಾನ ಊರ ಹೊರಗಿನ ಕೇರಿಯ ದಿಕ್ಕಿಗೆ ನಡೆದು ಹೋದದ್ದನ್ನು ಅವರಲ್ಲಿ ಯಾರೂ ಈವರೆಗೆ ನೋಡಿರಲಿಲ್ಲ.

“ಬಂದ್ ಮಾಡ್ಲೇನ್ರಿ?” ಉಡಚಪ್ಪ ಕೇಳಿದ. “ಪೆಟ್ರೋಲ್ ಕೂಪನ್ನಿಂದು, ಸುಮ್ನ ಸುಡತೈತಿ.”

“ಸುಡಲಿ. ಅವರು ಬರೂತನಕ ನಡೀಲಿ.”

ಬಿಸಿಲು ಕೊಟ್ಟಿಗೆಯ ಗೋಡೆ ಹತ್ತಿ ಹೋಗುವಷ್ಟು ಹೊತ್ತಾಯಿತು. ಮೊದಲು ಬಂದವನು ಮಹಾಲಿಂಗಪ್ಪ. ಕೈ ಬರಿದಾಗಿತ್ತು. ಫಕ್ಕೀರವ್ವ ಅವನ ಹಿಂದಿನ ದಾರಿ ನೋಡಿದಳು. ನಂತರ ಹತ್ತು ಮಾರು ಹಿಂದೆ ಭರಮಪ್ಪ ಕಂಡ. ಕೀಲಿ ಅವನ ಮುಷ್ಟಿಯಲ್ಲಿತ್ತು. ಕೆನ್ನೆಯ ಬಾವು ಬೆಳಿಗ್ಗೆಗಿಂತ ಹೆಚ್ಚಾಗಿತ್ತು. ಇಬ್ಬರ ನಡುವೆ ಏನು ಮಾತಾಯಿತೋ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಭರಮಪ್ಪ ಒಳಗೆ ಹತ್ತಿ ಕೂರಲಿಲ್ಲ. ಕಾರಿನ ಮುಂದೆ ನಿಂತು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿದ.

“ಬಲಗಡೆ ಹಿಂದ ಒಂದು, ಇನ್ನೂ ಸಣ್ಣಗ ಬಡಿಯಾಕತ್ತೈತ್ರಿ,” ಎಂದ.

“ಎಲ್ಲಾ ಸುಮ್ನಾಗ್ಯಾವಲ್ಲೋ ತಮ್ಮಾ,” ಎಂದು ಉಡಚಪ್ಪ ಹುಣಸೆ ಕಟ್ಟಿಗೆ ತೆಗೆದು ಬಗ್ಗಿದ. ಕಿವಿ ಇಟ್ಟ. ಮುಖ ಬದಲಾಯಿತು. “ಹೌದು. ಐತಿ.”

ಫಕ್ಕೀರವ್ವ ಹತ್ತಿರ ಬಂದಳು. “ನನಗಷ್ಟ ಕೊಡೋ,” ಎಂದು ಕಟ್ಟಿಗೆ ಇಸಿದುಕೊಂಡು ಕಿವಿಗೆ ಇಟ್ಟಳು. ಮೊದಲು ಏನೂ ಕೇಳಿಸಲಿಲ್ಲ. ಭರಮಪ್ಪ ತುದಿಯನ್ನು ಒಂದು ಬೆರಳಷ್ಟು ಸರಿಸಿದ. ಆಗ ಕೇಳಿಸಿತು, ಬಹಳ ಒಳಗಿನಿಂದ, ಉಗುರಿನಿಂದ ಬಾಗಿಲು ತಟ್ಟಿದಷ್ಟು ಮೆಲ್ಲಗೆ.

“ಇದು ಹೋಗಾಕ ಎಷ್ಟು ದಿನ ಬೇಕು?” ಎಂದು ಕೇಳಿದಳು. ಕೇಳಿದ್ದು ಮಿಸ್ತ್ರಿಯನ್ನಲ್ಲ.

“ನಡಸ್ತ ನಡಸ್ತ ನೋಡಬೇಕ್ರಿ,” ಎಂದ ಭರಮಪ್ಪ. ಅಟ್ಟದ ಏಣಿಗೆ ಒರಗಿಸಿಟ್ಟಿದ್ದ ಮಣೆಯನ್ನು ತಂದು ಕಾರಿನ ಬಾಗಿಲ ಕೆಳಗೆ ಇಟ್ಟ.